ಮಡುವಿಗೆ ದಾರಿ

ಎರಡು ಮೈಲಿ ಉದ್ದದ ಹೊಳೆದಂಡೆಯೆಲ್ಲ ಲಂಟಾನ, ಜೊಂಡು. ಗಾಳ ಹಾಕಲು ನೀರಿನ ತನಕ ಇಳಿಯಬಹುದಾದ ಜಾಗ ಒಂದೇ ಇತ್ತು. ಅದು ಚೆಲುವಯ್ಯನಿಗೆ ಮಾತ್ರ ಗೊತ್ತಿತ್ತು. ಬೇರೆ ಯಾರೂ ಆ ಕಡೆ ಸುಳಿಯದಿರಲೆಂದು ಅವನು ಪೊದೆಯ ಸಂದಿಯಲ್ಲಿ ಒಂದು ಕಲ್ಲು ನೆಟ್ಟು, ಅರಿಶಿನ ಕುಂಕುಮ ಬಳಿದು, ಮುಂದೆ ನಿಂಬೆಹಣ್ಣು ಇಟ್ಟ.

“ಅದನ್ನ ದಾಟಿದೋರು ರಕ್ತ ಕಾರ್ತಾರಂತೆ,” ಎಂದು ಷಡ್ಡಕ ಬೋರಲಿಂಗನನ್ನೂ ಹೆದರಿಸಿದ.

“ಹೌದಾ? ಮತ್ತೆ ನೀವು ವಾರವಾರ ಬುಟ್ಟಿ ತುಂಬ ಮೀನು ತರೋದು ಎಲ್ಲಿಂದಣ್ಣ?”

“ಸಂತೆಯಿಂದ ಕಣೋ.”

“ಸಂತೆ ಮೀನು ಇಷ್ಟೊಂದು ಒದ್ದಾಡಲ್ವಲ್ಲ!”

ಆಮೇಲೆ ಕಾಲು ಉಳುಕಿ ಚೆಲುವಯ್ಯ ಎರಡು ತಿಂಗಳು ಮನೆ ಬಿಡಲಿಲ್ಲ. ಗಾಳ ಹಿಡಿದು ಮತ್ತೆ ಹೊಳೆಗೆ ಹೋದಾಗ, ಯಾರೋ ಪೊದೆ ಸವರಿ ಗಾಡಿ ಹೋಗುವಷ್ಟು ಅಗಲದ ದಾರಿ ಮಾಡಿದ್ದರು. ನೀರಿಗೆ ಮೆಟ್ಟಿಲು ಬೇರೆ. ಮಡುವಿನ ತುಂಬ ಮೊಳದುದ್ದದ ಮೀನು. ಮೆಟ್ಟಿಲ ಮೇಲೆ ಬೋರಲಿಂಗ ನಿಂತಿದ್ದ.

“ಕೊನೆಗೂ ನನ್ನ ಜಾಗ ಕಂಡುಹಿಡಿದೆಯಾ? ಹೋಗ್ಲಿ, ಸ್ವಲ್ಪ ಸರಿ, ನಾನೂ ಗಾಳ ಹಾಕ್ತೀನಿ.”

ಬೋರಲಿಂಗ ಗಾಳ ಕಿತ್ತುಕೊಂಡು ಅವನ ಕೈಗೆ ಒಂದು ಪೊಟ್ಟಣ ಪುರಿ ಇಟ್ಟ.

“ಇವು ನಿಮ್ಮ ಕಲ್ಲುದೇವರ ಮೀನು ಅಣ್ಣ, ಹಿಡಿಯೋ ಹಾಗಿಲ್ಲ. ಚಪ್ಪಲಿ ಬಿಟ್ಟು ಬಂದು ಪುರಿ ಹಾಕಿ.”