ತಾಯಮ್ಮನ ಅಂಗಡಿಗೆ ಹಗ್ಗ

ನೆರೆ ಬಂತೆಂದು ಸೈರನ್ ಕೂಗಿತು. ಎಂದಿನಂತೆ ಪೇಟೆಯ ಅಂಗಡಿಗಳೆಲ್ಲ ನೀರಿನ ಮೇಲೆ ತೇಲಿಕೊಂಡು ಹೊರಟವು. ಮಹಡಿಯ ಮೇಲಿನ ಜನ ತಮಗೆ ಬೇಕಾದ ಅಂಗಡಿಗೆ ಹಗ್ಗ ಎಸೆದು ಎಳೆದುಕೊಳ್ಳುತ್ತಾರೆ. ಮುಂದಿನ ನೆರೆಯವರೆಗೆ ಅದು ಅವರ ಬೀದಿಯದೇ.

ಹೋದ ಸಲ ತಾಯಮ್ಮ ಹೆದರಿ, ಒಲೆ ಆರಿಸಿ, ಬಾಗಿಲು ಹಾಕಿಕೊಂಡು ಕೂತಿದ್ದಳು. ಯಾರೂ ಹಗ್ಗ ಎಸೆಯಲಿಲ್ಲ. ಅವಳ ಇಡ್ಲಿ ಅಂಗಡಿ ತೇಲುತ್ತಾ ಹೋಗಿ ಸ್ಮಶಾನದ ಗೇಟಿಗೆ ತಾಗಿ ನಿಂತಿತು. ವರ್ಷವಿಡೀ ನೊಣ ಹೊಡೆದದ್ದಾಯಿತು.

ಈ ಸಲ ಅಂಗಡಿ ತೇಲುತ್ತಾ ಬೀದಿಯ ತಿರುವಿಗೆ ಬಂದದ್ದೇ ತಡ, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. ಘಮ ಮಹಡಿ ಹತ್ತಿತು.

"ತಾಯಮ್ಮಾ, ನಮ್ ಕಡೆ!" ನೇಕಾರಗೇರಿಯಿಂದ ಹಗ್ಗ ಬಿತ್ತು.

"ಅವ್ರಿಗಲ್ಲ, ನಮಗೆ!" ಎದುರಿನ ಕುಂಬಾರಗೇರಿಯಿಂದ ಇನ್ನೆರಡು ಬಿದ್ದವು.

ಅಂಗಡಿ ನಡುನೀರಿನಲ್ಲಿ ಅತ್ತಿತ್ತ ಓಲಾಡಿತು. ತಾಯಮ್ಮ ನಗು ತಡೆಯಲಾರದೆ ಕೂಗಿದಳು:

"ಮೆಲ್ಲಗೆ ಎಳೀರಪ್ಪೋ, ಸಾಂಬಾರ್ ಚೆಲ್ಲೋಗುತ್ತೆ!"