ಒಂಬತ್ತನೇ ಚಿತ್ರ

ವಾಮನ ತೀರಿಕೊಂಡು ಹದಿನೈದು ದಿನವಾಗಿತ್ತು. ವಾರಪತ್ರಿಕೆಯ ಕಾಮಿಕ್ಸ್ ಪುಟ ಮಾತ್ರ ನಿಲ್ಲುವ ಹಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಶೇಷಗಿರಿ ಕಥೆ ಬರೆದು ಕಳಿಸುತ್ತಿದ್ದರು, ವಾಮನ ಚಿತ್ರ ಬಿಡಿಸುತ್ತಿದ್ದ. ‘ಇಂಥ ಕೊನೆ ಶೇಷಗಿರಿಯವರಿಗಲ್ಲದೆ ಇನ್ಯಾರಿಗೆ ಹೊಳೆದೀತು!’ ಎಂದು ಓದುಗರು ಬರೆದ ಪತ್ರಗಳು ಅವರ ಕಪಾಟಿನ ತುಂಬ ಇದ್ದವು.

ಹೊಸ ಕಲಾವಿದೆ ಲೀನಾ ಸ್ಕ್ರಿಪ್ಟ್ ಹಿಡಿದುಕೊಂಡು ಮನೆಗೇ ಬಂದಳು.

“ಸರ್, ಎಂಟನೇ ಚಿತ್ರದಲ್ಲಿ ಕಳ್ಳರು ಪತ್ತೇದಾರನ್ನ ಬಾವಿಗೆ ತಳ್ಳಿ ಮೇಲೆ ಬಂಡೆ ಎಳೀತಾರೆ. ಕೊನೇ ಚಿತ್ರ, ಒಂಬತ್ತನೇದ್ರಲ್ಲಿ, ಅವನು ಹೊರಗಿದಾನೆ. ಹೇಗೆ ಬಂದ?”

“ಬರ್ದಿದೀನಲ್ಲಮ್ಮ.”

“‘ಹೇಗೆ ಅಂತ ನಿನಗೆ ಗೊತ್ತಲ್ಲ, ವಾಮನಾ’ ಅಂತ ಬರ್ದಿದೀರಿ. ನಂಗೆ ಗೊತ್ತಿಲ್ಲ ಸರ್.”

ಕೈ ತನ್ನ ಪಾಡಿಗೆ ಬರೆದ ಆ ಹೆಸರನ್ನು ನೋಡಿ ಶೇಷಗಿರಿಗೆ ಯಾಕೋ ರೇಗಿಹೋಯಿತು.

“ವಾಮನ ಒಂದು ದಿನಾನೂ ಹೀಗೆ ಬಂದು ಕೇಳಿದವನಲ್ಲ!”

“ಆಫೀಸಲ್ಲಿ ಹಳೇ ಸ್ಕ್ರಿಪ್ಟ್ ಎಲ್ಲಾ ತೆಗೆಸಿ ನೋಡ್ದೆ ಸರ್. ಪ್ರತಿ ವಾರ ಕೊನೇ ಚಿತ್ರಕ್ಕೆ ಇದೊಂದೇ ಸಾಲು. ಆಮೇಲೆ ಫೋನಲ್ಲಿ ಹೇಳ್ತಿದ್ರಾ?”

“ಇಲ್ಲ.”

“ಹಾಗಾದ್ರೆ ನಂಗಾದ್ರೂ ಹೇಳಿ ಸರ್. ನೀವು ಹೇಳಿದ ಹಾಗೇ ಬಿಡಿಸ್ತೀನಿ.”

ಶೇಷಗಿರಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಹುಡುಗಿ ಪೆನ್ಸಿಲ್ ಹಿಡಿದು ಕಾಯುತ್ತಲೇ ಇದ್ದಳು.

“ನಂಗೂ ಪತ್ರಿಕೆ ಬಂದ ಮೇಲೇ ಗೊತ್ತಾಗ್ತಿತ್ತು ಕಣಮ್ಮ.”