ಜುಲೈ ತಿಂಗಳ ಖಾಲಿ ಚೌಕ

ಕಣ್ಣಾಸ್ಪತ್ರೆಯ ಹೊರರೋಗಿ ವಿಭಾಗ. ಮಧ್ಯಾಹ್ನ ಎರಡೂವರೆ. ಅರವತ್ತೊಂದನೇ ರೋಗಿ...

ತಿಪ್ಪೇಶನಿಗೆ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಆಸ್ಪತ್ರೆಯ ಹೊಸ ಸಾಫ್ಟ್‌ವೇರ್ ಬರೆದವನು ಅವನೇ. ಹದಿನೇಳು ದಿನಗಳಿಂದ ಡಾಕ್ಟರ್ ಪಕ್ಕದಲ್ಲಿ ಕೂತು, ಅದು ಹೇಗೆ ಕೆಲಸ ಮಾಡುತ್ತದೆಂದು ನೋಡುತ್ತಿದ್ದ.

ಸಕ್ಕರೆ ಕಾಯಿಲೆಯವರ ಕಣ್ಣಿನ ಒಳಗಿನ ಫೋಟೋಗಳನ್ನು ಒಂದೇ ಪರದೆಯಲ್ಲಿ ಜೋಡಿಸುವ ಸಾಫ್ಟ್‌ವೇರ್ ಅದು. ಮೇಲಿನ ಸಾಲು ಬಲಗಣ್ಣು, ಕೆಳಗಿನದು ಎಡಗಣ್ಣು. ಸಾಲಿಗೆ ನಾಲ್ಕು ಚೌಕ... ಜನವರಿ, ಏಪ್ರಿಲ್, ಜುಲೈ, ಈಗಿನ ಅಕ್ಟೋಬರ್.

ಒಳಗೆ ಬಂದವರು ಹಾಲಮ್ಮ. ಟೈಲರ್ ಅಂಗಡಿಗಳ ರವಿಕೆಗೆ ಹುಕ್ ಹೊಲಿದು ಬದುಕುವವರು.

ಡಾಕ್ಟರ್ ಪರದೆ ನೋಡಿದರು. "ಬಲಗಣ್ಣು ಸುಧಾರಿಸಿದೆ ಅಮ್ಮಾ, ಲೇಸರ್ ಬೇಡ. ಎಡಗಣ್ಣಿನ ಈ ಸಲದ ಫೋಟೋ ಬಂದಿಲ್ಲ, ತೆಗೆಸಿ ಹೋಗಿ. ಆರು ತಿಂಗಳು ಬಿಟ್ಟು ಬನ್ನಿ."

ಹಾಲಮ್ಮ ಏಳಲಿಲ್ಲ.

"ಎರಡೂ ಕಣ್ಣಿಂದು ಈಗ ತೆಗೆದ್ರಲ್ಲ ತಾಯಿ... ಸುಧಾರ್ಸೈತೆ ಅಂತೀರಿ, ಬಲಗಣ್ಣಾಗೆ ಸೂಜಿ ತೂತೇ ಕಾಣವಲ್ದು!"

"ಫೋಟೋ ಸುಳ್ಳು ಹೇಳಲ್ಲ ಅಜ್ಜಿ," ತಿಪ್ಪೇಶ ಬೇಸತ್ತು ಹೇಳಿದ.

"ಹುಕ್ ಹೊಲಿಯೋಳು ನಾನೋ, ನಿನ್ ಫೋಟೋನೋ?"

ಬಾಗಿಲಾಚೆ ಕಾದವರು ಗೊಣಗತೊಡಗಿದರು. ಆಕೆಯನ್ನು ಬೇಗ ಕಳಿಸಿದರೆ ಸಾಕೆಂದು ತಿಪ್ಪೇಶ ಫೈಲ್ ತೆರೆದ.

ಎಂಟು ಫೋಟೋ ಇರಬೇಕಿತ್ತು... ಇದ್ದದ್ದು ಏಳು. ಜುಲೈನ ಬಲಗಣ್ಣಿನ ಫೋಟೋ ಮಸುಕಾಗಿದ್ದರಿಂದ ಸಾಫ್ಟ್‌ವೇರ್ ಅದನ್ನು ಕೈಬಿಟ್ಟಿತ್ತು.

ತಿಪ್ಪೇಶ ತಾನು ಬರೆದ ಕೋಡ್ ತೆರೆದ.

ನಡುವೆ ಖಾಲಿ ಚೌಕ ಬಂದರೆ ಪರದೆಯ ಅಂದ ಕೆಡುತ್ತದೆಂದು, ಯಾವ ಫೋಟೋ ಯಾವ ಜಾಗಕ್ಕೆ ಎಂಬುದನ್ನು ಅವನು ಕೋಡ್‌ನಲ್ಲಿ ಬರೆದಿರಲೇ ಇಲ್ಲ. ಸಿಕ್ಕಿದ್ದನ್ನು ಒಂದರ ಹಿಂದೊಂದು ತುಂಬು ಎಂದಷ್ಟೇ ಬರೆದಿದ್ದ. ಒಂದು ಬಿಟ್ಟುಹೋದದ್ದೇ ತಡ, ಅದರ ನಂತರದವೆಲ್ಲ ಒಂದೊಂದು ಚೌಕ ಜರುಗಿದ್ದವು.

ಬಲಗಣ್ಣಿನ ಅಕ್ಟೋಬರ್ ಚೌಕದಲ್ಲಿ ಕೂತಿದ್ದದ್ದು... ಎಡಗಣ್ಣಿನ ಜನವರಿ ಫೋಟೋ!

ಡಾಕ್ಟರ್ ಅದನ್ನು ದೊಡ್ಡದು ಮಾಡಿ ನೋಡಿದರು. "ಬಲಗಣ್ಣಾದರೆ ಕಣ್ಣಿನ ನರ ಹೊರಡುವ ಈ ಬಿಳಿ ಬೊಟ್ಟು ಫೋಟೋದ ಬಲಕ್ಕಿರಬೇಕು. ಇದರಲ್ಲಿ ಎಡಕ್ಕಿದೆ... ನಾನೂ ಗಮನಿಸಲಿಲ್ಲ."

ತಿಪ್ಪೇಶ ಪ್ರತಿ ಫೋಟೋಗೂ ಅದರದೇ ಸಾಲು, ಅದರದೇ ಚೌಕ ಗೊತ್ತುಮಾಡಿದ. ಜುಲೈ ಖಾಲಿ ಉಳಿಯಿತು. ಅಕ್ಟೋಬರ್ ಚೌಕಕ್ಕೆ ನಿಜವಾದ ಬಲಗಣ್ಣು ಬಂತು... ತುಂಬ ರಕ್ತದ ಕಲೆಗಳು.

"ಲೇಸರ್ ಇವತ್ತೇ ಶುರು ಮಾಡೋಣ. ಆರು ತಿಂಗಳು ಬಿಟ್ಟಿದ್ದರೆ..." ಡಾಕ್ಟರ್ ಲೇಸರ್‌ಗೆ ಚೀಟಿ ಬರೆಯತೊಡಗಿದರು.

"ತಪ್ಪು ನಂದೇ ಅಜ್ಜಿ," ಎಂದ ತಿಪ್ಪೇಶ. "ಜುಲೈನಲ್ಲಿ ಫೋಟೋ ಯಾಕೆ ಮಸುಕಾಯ್ತು?"

ಹಾಲಮ್ಮ ಸೆರಗು ಸರಿಮಾಡಿಕೊಂಡರು.

"ಮಗಳು ತೀರ್ಕಂಡು ಹನ್ನೊಂದು ದಿನ ಆಗಿತ್ತು ಕಣಪ್ಪ. ಫೋಟೋದವ್ರು ಮೊದ್ಲು ಬಲಗಣ್ಣು ಹಿಡಿದು ಅಲ್ಲಾಡ್ಬೇಡ ಅಂತಾರೆ... ಕಣ್ಣೀರು ನನ್ ಮಾತು ಕೇಳ್ಬೇಕಲ್ಲ?"

ತಿಪ್ಪೇಶ ಆ ಖಾಲಿ ಚೌಕವನ್ನೇ ನೋಡುತ್ತ ಕೂತ. ಅದರ ಮೇಲಿನ 'ಜುಲೈ' ಎಂಬ ಅಕ್ಷರಗಳು ಮಂಜಾದವು.

ಹಾಲಮ್ಮನನ್ನು ಲೇಸರ್ ಕೋಣೆಗೆ ಕರೆದೊಯ್ದ ಮೇಲೆ ಅವನೆಂದ:

"ಮೇಡಂ, ಹದಿನೇಳು ದಿನದಲ್ಲಿ ಬಂದವರದ್ದೆಲ್ಲ ಮತ್ತೆ ನೋಡಬೇಕು... ಮೊದಲ ದಿನದಿಂದ."

ಡಾಕ್ಟರ್ ತಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು.

ಇಲ್ಲದ್ದರ ಜಾಗವನ್ನು ಖಾಲಿ ಬಿಡದಿದ್ದರೆ, ಇರುವುದೆಲ್ಲ ತಪ್ಪು ಜಾಗಕ್ಕೆ ಬಂದು ಕೂರುತ್ತದೆ.

ಅಂದವಾಗಿ ಕಾಣಲೆಂದು ನೀವು ಅವಸರದಲ್ಲಿ ತುಂಬಿಬಿಟ್ಟ ಖಾಲಿ ಜಾಗ ಯಾವುದು... ಒಮ್ಮೆ ಯೋಚಿಸಿದ್ದೀರಾ?